ಹೆಬ್ಬೆರಳಿಗೊಂದು ಸಂತಾಪ

ಕಾಲು ಎಂದು ಬರೆಯಲೇ, ಚಪ್ಪಲಿ ಎಂದು ಬರೆಯಲೇ? ಕಾಲು ಎಂದರೆ ಮಂತ್ರಿಗಳಿಗೆ ಸಂತೋಷ. ಚಪ್ಪಲಿ ಎಂದರೆ ಆ ಕಾಲಿನವನಿಗೆ ಸಂತೋಷ. ಆದರೆ ಆ ಕಾಲಿನವನು ಯಾರೆಂದು ನನಗಿನ್ನೂ ಗೊತ್ತಿಲ್ಲ, ಮಂತ್ರಿಗಳು ಯಾರೆಂದು ಚೆನ್ನಾಗಿ ಗೊತ್ತಿದೆ. ಗೊತ್ತಿಲ್ಲದವನ ಕಾಲು ಉಳಿಸಲು ಗೊತ್ತಿರುವವರನ್ನು ನಿಷ್ಠುರ ಮಾಡಿಕೊಳ್ಳುವುದು ಸರಿಯೇ? ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಇಂಥದೊಂದು ಪ್ರಶ್ನೆ ಹಿಡಿದುಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಆರಾಮಾಗಿ ಕೂರಬಲ್ಲ. ನಾನು ಕೂತೆ. ಕೊನೆಗೆ ಚಪ್ಪಲಿ ಎಂದೇ ಬರೆದೆ. ಕಳೆದುಕೊಂಡವನಿಗೆ ಹೆಚ್ಚು ಬೇಸರವಾಗದಿರಲಿ ಎಂದು, ಅದಾಗಲೇ ಬಾರು ಕಿತ್ತುಹೋಗಿದ್ದದ್ದು ಎಂದೂ ಸೇರಿಸಿದೆ.

ನಮ್ಮೂರಲ್ಲಿ ಸಂತಾಪ ಮೊದಲು, ಅಪಘಾತ ಆಮೇಲೆ. ರೈಲು ಮಂತ್ರಿಗಳು ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಿಂತು ಮೈಕಿನಲ್ಲಿ ಏನೇನಾಯಿತೆಂದು ದುಃಖಿಸುತ್ತಾರೋ, ಕೆಲವು ದಿನಗಳಲ್ಲಿ ಅಷ್ಟೂ ಹಾಗೆಯೇ ಆಗುತ್ತದೆ. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ. ಬೇರೆ ಊರುಗಳಲ್ಲಿ ಇದು ತಿರುವುಮುರುವಂತೆ. ಅಪಘಾತವಾಗುವ ತನಕ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲವಂತೆ. ಅಲ್ಲಿನವರು ಯಾವ ಧೈರ್ಯದ ಮೇಲೆ ರೈಲು ಹತ್ತುತ್ತಾರೋ ನನಗೆ ತಿಳಿಯದು. ನಮ್ಮ ಡ್ರೈವರುಗಳಂತೂ ಸಂತಾಪವಾಗದೆ ಗಾಡಿ ತೆಗೆಯುವುದಿಲ್ಲ. ಒಮ್ಮೆ ಮಂತ್ರಿಗಳಿಗೆ ಗಂಟಲು ಕಟ್ಟಿಕೊಂಡು ಸಂತಾಪ ತಡವಾದಾಗ ಊರಿನ ಗಾಡಿಗಳೆಲ್ಲ ನಿಂತುಹೋದವು. "ಏನಾಗ್ತದೆ ಅಂತ ತಿಳೀದೆ ಹೆಂಗ್ರೀ ಓಡ್ಸದು, ನಮಗೂ ಹೆಂಡ್ತಿ ಮಕ್ಕಳವ್ರೆ" ಎಂದು ಡ್ರೈವರೊಬ್ಬ ಇಂಜಿನ್ನಿನ ಮೇಲೆ ಬನಿಯನ್ ಒಣಗಹಾಕಿ ಪಕ್ಕದ ನೆರಳಲ್ಲಿ ಮಲಗಿಬಿಟ್ಟಿದ್ದ.

ಜನ ಇದಕ್ಕೆ ಹೊಂದಿಕೊಂಡಿದ್ದರು. ಸಂತಾಪದ ದಿನ ಛತ್ರಿ, ಚಾಪೆ, ಚಕ್ಕುಲಿ ಹಿಡಿದುಕೊಂಡು ಸ್ಟೇಷನ್ನಿಗೆ ಬಂದು ಕೂರುವರು. ಮಂತ್ರಿಗಳು ಕಣ್ಣೊರೆಸಿಕೊಳ್ಳುತ್ತ "ಹಳದಿ ಸೀರೆಯುಟ್ಟ ಆ ತಾಯಿಯ ಟಿಫನ್ ಕ್ಯಾರಿಯರು" ಎಂದರೆ, ಮಾರನೆಯ ದಿನದಿಂದ ಊರಲ್ಲಿ ಹಳದಿ ಸೀರೆಯೇ ಕಾಣದು. ಎಲ್ಲೋ ಮದುವೆಗೆ ಹೋಗಿದ್ದು ಸಂತಾಪ ಕೇಳಿಸಿಕೊಳ್ಳದ ಒಬ್ಬಾಕೆ ಪಾಪ ಹಳದಿ ಸೀರೆಯುಟ್ಟು ಗಾಡಿ ಹತ್ತುವಳು. ಚಪ್ಪಲಿ ಎಂದು ಹೇಳಿದ ದಿನ ಮಾತ್ರ ಜನಕ್ಕೆ ಬಹಳ ಉತ್ಸಾಹ. ಕಳೆದದ್ದಕ್ಕೆ ಇಲಾಖೆಯವರು ಹೊಸ ಜೋಡು ಕೊಡುತ್ತಾರೆಂದು, ಅಟ್ಟದ ಮೇಲಿನ ಹಳೆಯ ಮೆಟ್ಟುಗಳನ್ನೆಲ್ಲ ಕೆಳಗಿಳಿಸಿ, ಬಾರು ಕಿತ್ತು, ಕಾಲೆಳೆಯುತ್ತ ಗಾಡಿ ಹತ್ತುವರು.

ನನಗಿಂತ ಮುಂಚೆ ಈ ಸಂತಾಪಗಳನ್ನು ಬರೆಯುತ್ತಿದ್ದವರು ವರದಾಚಾರ್ಯರು. ಅವರು ಅಪಘಾತ ಎಂದು ಬರೆದವರೇ ಅಲ್ಲ, ಭೀಕರ ದುರಂತ ಎಂದೇ ಬರೆಯುತ್ತಿದ್ದರು. ಅವರಿಗೆ ಪ್ರಾಸದ ಚಪಲ. ಒಮ್ಮೆ 'ಕರೆ' ಎಂದು ಒಂದು ಸಾಲು ಮುಗಿಸಿದ ತಪ್ಪಿಗೆ ಮುಂದಿನ ಸಾಲಿಗೆ 'ಕೆರೆ' ತಂದರು. ಮೂರು ಡಬ್ಬಿ ಕೆರೆಗಿಳಿದವು. ಒಳಗಿದ್ದವರು ತಲೆಯ ಮೇಲೆ ತಾವರೆ ಎಲೆ ಹೊತ್ತುಕೊಂಡು ಮೇಲೆ ಬಂದರು. ಯಾರೂ ಸಾಯಲಿಲ್ಲ, ಏಕೆಂದರೆ ಸಾವಿಗೆ ಪ್ರಾಸ ಸಿಕ್ಕಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಪುಡಿ ಮುಗಿದುಹೋಗಿ, ಉಳಿದವರ ಕೈಕಾಲಿಗೆ ಗೋಡೆಯ ಸುಣ್ಣವನ್ನೇ ಕಲಸಿ ಮೆತ್ತಬೇಕಾಯಿತು. ಆಚಾರ್ಯರನ್ನು ಮನೆಗೆ ಕಳಿಸಿ, ಮಾತು ಕಡಿಮೆ ಇರುವ ಒಬ್ಬನನ್ನು ಹುಡುಕಿದರು. ನಾನು ಕಾಲೇಜಿನಲ್ಲಿ ಮೌನದ ಬಗ್ಗೆಯೇ ಪ್ರಬಂಧ ಬರೆದವನು. ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗೆ ಬಹಳ ಹೊತ್ತು ಯೋಚಿಸುತ್ತ ಸುಮ್ಮನಿದ್ದೆ. ನನ್ನನ್ನೇ ಆರಿಸಿದರು.

ಮಂತ್ರಿ ನಿರ್ವಾಣಪ್ಪನವರು ಕೆಟ್ಟವರೆಂದು ಹೇಳಲಾರೆ. ಅವರ ಅಳು ನಿಜವಾದದ್ದು. ಮೈಕಿನ ಮುಂದೆ ನಿಂತು ಮೊದಲ ಪದ ಓದಿದರೆ ಸಾಕು, ಕಣ್ಣು ತುಂಬುತ್ತಿತ್ತು. ಮುಂಚೆಯೇ ಓದಿಬಿಟ್ಟರೆ ಅಳು ಹಳಸುತ್ತದೆಂದು ಅವರು ಬರೆದದ್ದನ್ನು ಎಂದೂ ಮೊದಲು ನೋಡುತ್ತಿರಲಿಲ್ಲ. ಈ ಬಾರು ಕಿತ್ತ ಚಪ್ಪಲಿಗೂ ಅವರು ಅತ್ತದ್ದನ್ನು ನಾನೇ ಕಂಡಿದ್ದೇನೆ. ಅದಾದ ಮೇಲೆ ಒಂದು ದಿನ ಹೇಳಿಕಳಿಸಿದರು. ಹೋದಾಗ ಜಗಲಿಯ ಮೇಲೆ ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಳ್ಳುತ್ತ ಕೂತಿದ್ದರು. ಎಣ್ಣೆಯವನನ್ನು ಒಳಗೆ ಕಳಿಸಿ ನನ್ನತ್ತ ತಿರುಗಿದರು.

"ಬಾರಯ್ಯ ಚಿದಾನಂದ. ನಾನು ಟಿಫನ್ ಕ್ಯಾರಿಯರಿಗೆ ಅತ್ತೆ. ಮೊಸರಿನ ಕುಡಿಕೆಗೆ ಅತ್ತೆ. ಚಪ್ಪಲಿಗಂತೂ ಎಷ್ಟು ಸಲ ಅತ್ತೆನೋ ಏನೋ. ಮನುಷ್ಯನಿಗೆ ಒಂದು ಮಿತಿ ಬೇಡ್ವೇನಯ್ಯ?"

"ಮೊಸರಿಗೆ ಬಹಳ ಚೆನ್ನಾಗಿ ಅತ್ರಿ ಸರ್."

"ಅತ್ತೆ, ಇಲ್ಲ ಅನ್ನಲ್ಲ. ನಿಜವಾಗ್ಲೂ ಒತ್ತರಿಸಿಕೊಂಡು ಬಂತು. ಅದಲ್ಲ ವಿಷಯ. ಆ ದ್ಯಾವೀರಮ್ಮ ಊರೆಲ್ಲ ನನ್ನನ್ನ ಚಪ್ಪಲಿ ಮಂತ್ರಿ ಅಂತ ಕರೀತಾ ತಿರುಗ್ತಾವಳೆ. ನಾನು ದೊಡ್ಡ ಅಪಘಾತಗಳನ್ನ ಮುಚ್ಚಿಟ್ಟು ಸಣ್ಣದು ತೋರಿಸ್ತೀನಂತೆ. ಅವಳು ಬಂದ್ರೆ ಮನುಷ್ಯರಿಗೆ ಅಳ್ತಾಳಂತೆ. ಜನ ಚಪ್ಪಾಳೆ ಬೇರೆ ತಟ್ಟಿದ್ರು."

ದ್ಯಾವೀರಮ್ಮ ವಿರೋಧ ಪಕ್ಷದ ನಾಯಕಿ. ಗೋಡೆಗಳ ಮೇಲೆ 'ಚಪ್ಪಲಿಯ ಸಂತಾಪ ಸಾಕು, ಮನುಷ್ಯರ ಸಂತಾಪ ಬೇಕು' ಎಂದು ಬರೆಸಿದ್ದನ್ನು ನಾನೂ ನೋಡಿದ್ದೆ. ಅದನ್ನು ಬರೆದ ಪೇಂಟರು ತಾನೂ ಹೊಸ ಜೋಡು ಗಿಟ್ಟಿಸಿಕೊಂಡವರಲ್ಲಿ ಒಬ್ಬ.

"ಚುನಾವಣೆ ಬರ್ತಿದೆ" ಎಂದರು ಮಂತ್ರಿಗಳು. "ಈ ಸೋಮವಾರದ ಸಂತಾಪ ನನ್ನ ಘನತೆಗೆ ತಕ್ಕ ಹಾಗಿರ್ಲಿ. ಬೆಳಗಿನ ಗಾಡಿ. ಹಳೇ ಸೇತುವೆ. ಭೀಕರ ಅನ್ನೋ ಮಾತು ಮೊದಲನೇ ಸಾಲಲ್ಲೇ ಬರ್ಬೇಕು. ಮಿಕ್ಕಿದ್ದು ನಿನ್ನ ಇಷ್ಟ."

"ಬೆಳಗಿನ ಗಾಡೀಲಿ ಜನ ಬಹಳ ಇರ್ತಾರೆ ಸರ್."

"ಅದಕ್ಕೇ ಅಲ್ವೇನಯ್ಯ ಹೇಳ್ತಿರೋದು." ಪಾಪ, ಪಾಪ ಎಂದುಕೊಂಡು ಹೆಗಲ ಮೇಲಿನ ಟವೆಲಿನಿಂದ ಕಣ್ಣೊತ್ತಿಕೊಂಡರು. ಆಮೇಲೆ, "ನಿನ್ನ ಕೈಲಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಬಲವಂತ ಇಲ್ಲ. ವರದಾಚಾರ್ರು ಆಗ್ಲೇ ಸೇತುವೆಗೆ ಪ್ರಾಸ ಹುಡುಕ್ತಾ ಕೂತವ್ರಂತೆ" ಎಂದರು.

ಬರೆಯುತ್ತೇನೆ ಎಂದು ಹೇಳಿ ಹೊರಟುಬಂದೆ.

ಬೆಳಗಿನ ಗಾಡಿಯಲ್ಲಿ ದಿನವೂ ಹೋಗುವವರಲ್ಲಿ ನನ್ನ ಅಕ್ಕ ಅಂಬುಜ ಒಬ್ಬಳು. ಹೊಳೆಯ ಆಚೆ ದಡದಲ್ಲಿ ಹೆಂಚಿನ ಕಾರ್ಖಾನೆಯಿದೆ. ಸುಟ್ಟ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ದನಿ ಕೇಳಿ, ಬಿರುಕು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವುದು ಅವಳ ಕೆಲಸ. ಅಪ್ಪ ಅಮ್ಮ ಇಲ್ಲದ ನನ್ನನ್ನು ಆ ಹೆಂಚುಗಳನ್ನು ತಟ್ಟಿಯೇ ಎಂ.ಎ. ತನಕ ಓದಿಸಿದಳು. ಮನೆಯಲ್ಲೂ ಅವಳಿಗೆ ಅದೇ ಚಾಳಿ. ಕುಂಬಳಕಾಯಿ ತಟ್ಟುವಳು, ಬಾಗಿಲು ತಟ್ಟುವಳು, ನಾನು ಯೋಚಿಸುತ್ತ ಕೂತಿದ್ದರೆ ಹಿಂದಿನಿಂದ ಬಂದು ನನ್ನ ತಲೆಯನ್ನು ತಟ್ಟಿ, ಬಗ್ಗಿ ಕೇಳಿಸಿಕೊಂಡು, ಏನೂ ಹೇಳದೆ ಒಳಗೆ ಹೋಗುವಳು.

ಆ ಸಂಜೆ ಅವಳು ರಾಗಿ ಹಿಟ್ಟಿಗೆ ನೀರಿಡುತ್ತಿದ್ದಾಗ, "ಅಕ್ಕ, ಸೋಮವಾರದಿಂದ ಸ್ವಲ್ಪ ದಿನ ರಜ ಹಾಕು" ಎಂದೆ.

"ಯಾಕೋ?"

"ಸುಮ್ನೆ."

"ಸುಮ್ನೆ ಮನೇಲಿ ಕೂರೋದಕ್ಕೆ ನಾನೇನು ಎಂ.ಎ. ಮಾಡಿದೀನಾ?"

"ಹಂಗಲ್ಲಕ್ಕ. ನಿನಗೂ ವಯಸ್ಸಾಯ್ತು. ಬೆಳಿಗ್ಗೆ ಎದ್ದು ಆ ಗಾಡಿ, ಆ ನೂಕಾಟ..."

"ವಯಸ್ಸಾಯ್ತು ಅಂತ ಹೇಳೋ ಬಾಯಿಗೆ ಮುದ್ದೆ ಬೇಕೋ ಬೇಡ್ವೋ?"

ಬೇಕು ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು. ನಾನು ಮುದ್ದೆ ನುಂಗುತ್ತ ಯೋಚಿಸಿದೆ. ಒಲ್ಲೆ ಎಂದರೆ ಆಚಾರ್ಯರು ಬರೆಯುತ್ತಾರೆ, ಈ ಸಲ ಅವರಿಗೆ ಎಲ್ಲದಕ್ಕೂ ಪ್ರಾಸ ಸಿಗುತ್ತದೆ. ಒಪ್ಪಿ ಚಪ್ಪಲಿ ಬರೆದರೆ ಮಂತ್ರಿಗಳು ಕಾಗದ ಹರಿದು ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಅವರ ಬಾಯಿಗೆ ಏನು ಬರುತ್ತದೆಂದು ಜಗಲಿಯ ಮೇಲೆ ಕೇಳಿದ್ದೆ. ಸೇತುವೆ ಬರಲೇಬೇಕು, ಭೀಕರವೂ ಬರಬೇಕು, ಅಕ್ಕ ಮಾತ್ರ ಕೆಲಸ ಮುಗಿಸಿ ಸಂಜೆ ಮನೆಗೆ ಬರಬೇಕು.

ಮಾರನೆಯ ದಿನ ಸೇತುವೆಯನ್ನು ನೋಡಿ ಬರೋಣವೆಂದು ನಡೆದುಕೊಂಡು ಹೋದೆ. ಹಳಿಯ ಕೆಳಗಿನ ಮರದ ದಿಮ್ಮಿಗಳು ಹಳೆಯ ಬೆಲ್ಲದಂತೆ ಜಿನುಗುತ್ತಿದ್ದವು. ಒಂದರ ಮೇಲೆ ಅಣಬೆ ಎದ್ದಿತ್ತು. ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ ಓಬಳೇಶ ಆ ಅಣಬೆಗಳನ್ನು ಜೋಪಾನವಾಗಿ ಕಿತ್ತು ಪಂಚೆಯ ಮಡಿಲಿಗೆ ಹಾಕಿಕೊಳ್ಳುತ್ತಿದ್ದ.

"ಏನ್ ಓಬಳೇಶಪ್ಪ, ಸೇತುವೆ ಹಿಂಗಾಗಿದೆಯಲ್ಲ."

"ಸಾರಿಗೆ ಚೆಂದಾಗಿರ್ತವೆ ಸಾಮಿ, ತಕ್ಕಂಡೋಗ್ತೀರಾ?"

"ಅಣಬೆ ಅಲ್ಲ. ದಿಮ್ಮಿ ಬದಲಾಯಿಸೋದಲ್ವಾ? ಬೋಲ್ಟುಗಳೇ ಕಾಣಿಸ್ತಿಲ್ಲ."

ಓಬಳೇಶ ನನ್ನನ್ನು ಮರುಕದಿಂದ ನೋಡಿದ. "ಯಾವ ಸಂತಾಪದಾಗೆ ಬೋಲ್ಟು ಬಂದೈತೆ ಹೇಳಿ ಸಾಮಿ? ಬರೆಯೋರು ನೀವೇ. ನೀವು ಬರೀದಿದ್ದಕ್ಕೆ ಇಲಾಖೇಲಿ ಸಾಮಾನು ಕೊಡಾಕಿಲ್ಲ."

"ಸೇತುವೆ ಬಿದ್ರೆ?"

"ದುಃಖಪಡದೆ ಹೆಂಗೆ ಬೀಳ್ತದೆ? ಮೊನ್ನೆ ಚಪ್ಪಲಿ ಬರೆದ್ರಲ್ಲ, ಅದು ಬಿದ್ದಿದ್ದು ಎಲ್ಲಿ ಅಂದ್ಕಂಡ್ರಿ? ಮೂರನೇ ಡಬ್ಬಿ ತಳದಾಗೆ. ಅಲ್ಲಿ ತೂತೇ ಇರ್ಲಿಲ್ಲ. ಮೇಲಿಂದ ಆರ್ಡರ್ ಬಂತು, ತೂತು ಕೊರೀರಿ ಅಂತ. ಕೊರೆದ್ವಿ. ಸಾಹೇಬ್ರು ಅಷ್ಟು ಅತ್ತ ಮ್ಯಾಲೆ, ಬೇಕಾದ ಅನುಕೂಲ ನಾವು ಮಾಡ್ಕೊಡ್ಬೇಕಲ್ವಾ?"

ಅವನು ಮಡಿಲು ಕಟ್ಟಿಕೊಂಡು ಹೊರಟುಹೋದ. ನಾನು ಅಲ್ಲೇ ನಿಂತೆ. ಇಷ್ಟು ಕಾಲ ಚಪ್ಪಲಿ, ಕುಡಿಕೆ ಎಂದು ಬರೆಯುತ್ತ, ನಾನು ಅಪಘಾತಗಳನ್ನು ಚಿಕ್ಕದು ಮಾಡುತ್ತಿದ್ದೇನೆಂದು ತಿಳಿದಿದ್ದೆ. ಚಿಕ್ಕದಕ್ಕೂ ಇಲಾಖೆ ಇಷ್ಟು ಶ್ರಮಪಡುತ್ತದೆಂದು ಹೊಳೆದಿರಲಿಲ್ಲ. ಒಂದು ಚಪ್ಪಲಿ ಬೀಳಲು ತೂತು ಕೊರೆಯುವವರು, ಸರಿಯಾಗಿ ಅತ್ತರೆ, ಇನ್ನೇನನ್ನು ಮಾಡಲಾರರು? ಮನೆಗೆ ಬಂದು ಪೆನ್ನಿಗೆ ಇಂಕು ತುಂಬಿದೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ವಾಕ್ಯ ಬರೆದವನಲ್ಲ.

ಸೋಮವಾರ ಪ್ಲಾಟ್‌ಫಾರಂ ತುಂಬಿಹೋಗಿತ್ತು. ಈ ಸಲ ದೊಡ್ಡದಿದೆ ಎಂಬ ಸುದ್ದಿ ಹೇಗೋ ಹಬ್ಬಿ, ಜನ ಚಕ್ಕುಲಿಯನ್ನೂ ಸದ್ದಾಗದಂತೆ ಕಡಿಯುತ್ತಿದ್ದರು. ದ್ಯಾವೀರಮ್ಮ ತನ್ನ ಕಡೆಯವರೊಡನೆ ಗೂಡ್ಸ್ ಶೆಡ್ಡಿನ ಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. ಮಂತ್ರಿಗಳು ಕಾಗದ ಬಿಡಿಸಿದರು.

"ಭೀಕರ" ಎಂದರು. ಅಷ್ಟಕ್ಕೇ ಕಣ್ಣೀರು ಕೆನ್ನೆಗಿಳಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. "ಭೀಕರವಾದ ಈ ಘಟನೆಯಿಂದ ನನ್ನ ಎದೆ ಒಡೆದಿದೆ. ನಮ್ಮ ಹಳೆಯ ಸೇತುವೆಯ..." ಇಲ್ಲಿ ಬಿಕ್ಕಿದರು. "ಸೇತುವೆಯ ಕೊಳೆತ ದಿಮ್ಮಿಗಳನ್ನೆಲ್ಲ ಕಿತ್ತು, ಗಟ್ಟಿಮರದ ಹೊಸ ದಿಮ್ಮಿಗಳನ್ನು ಕೂರಿಸಿ, ಒಂದು ಬೋಲ್ಟನ್ನೂ ಬಿಡದೆ ಹೊಸದಾಗಿ ಬಿಗಿದು, ಕಂಬಗಳ ಬಿರುಕು ಮುಚ್ಚಿ, ಎಂಥ ಗಾಡಿ ಹೋದರೂ ಅಲುಗದ ಹಾಗೆ ಮಾಡಿ, ಕೆಲಸ ಮುಗಿಯಿತು ಎನ್ನುವ ಗಳಿಗೆಯಲ್ಲಿ, ಅಯ್ಯೋ, ಮೇಸ್ತ್ರಿಯ ಕೈಯಿಂದ ಹಾರೆ ಜಾರಿ, ಪಕ್ಕದಲ್ಲಿ ನಿಂತಿದ್ದವನೊಬ್ಬನ ಕಾಲಿನ ಹೆಬ್ಬೆರಳು..."

ನಿರ್ವಾಣಪ್ಪನವರು ನಿಂತರು. ಕಾಗದವನ್ನು ಕಣ್ಣ ಹತ್ತಿರ ತಂದರು. ತಿರುಗಿಸಿ ನೋಡಿದರು, ಹಿಂದೆ ಏನೂ ಇರಲಿಲ್ಲ. ಆಮೇಲೆ ತಲೆಯೆತ್ತಿ, ಅಷ್ಟು ಜನರ ನಡುವೆ, ನನ್ನನ್ನು ಹುಡುಕಿದರು.

ಮೌನದ ಬಗ್ಗೆ ನಾನು ಓದಿದ್ದೇನೆ, ಬರೆದಿದ್ದೇನೆ, ಅದರಲ್ಲಿ ಪ್ರಥಮ ದರ್ಜೆಯನ್ನೂ ಪಡೆದಿದ್ದೇನೆ. ಆ ಪ್ಲಾಟ್‌ಫಾರಂ ಮೇಲಿನ ಮೌನ ನನ್ನ ಪ್ರಬಂಧದಲ್ಲಿ ಎಲ್ಲೂ ಬಂದಿರಲಿಲ್ಲ. ಸೇತುವೆ ಬಿಗಿಯುವುದು ಮೈಕಿನಲ್ಲಿ ಆಗಿಹೋಗಿತ್ತು. ಆದರೆ ವಾಕ್ಯ ಮುಗಿದಿರಲಿಲ್ಲ. ಮುಗಿಯದ ಸಂತಾಪ ಲೆಕ್ಕಕ್ಕಿಲ್ಲ. ಅವರು ಕಾಗದ ಹರಿದು, ಬೆಳಗಿನ ಗಾಡಿ ಎಂದು ಶುರುಮಾಡಿದರೆ ಮುಗಿಯಿತು. ಅವರ ಹೆಬ್ಬೆರಳು ತೋರುಬೆರಳುಗಳು ಕಾಗದದ ಅಂಚನ್ನು ಹಿಡಿದೇ ಇದ್ದವು.

ಆಗ ಗೂಡ್ಸ್ ಶೆಡ್ಡಿನ ಕಡೆಯಿಂದ ದ್ಯಾವೀರಮ್ಮನ ದನಿ ಬಂತು. "ಏನ್ ನಿರ್ವಾಣಪ್ನೋರೇ, ಚಪ್ಪಲಿ ಮುಗೀತು, ಈಗ ಬೆರಳಿಗೆ ಬಂದ್ರಾ? ಹಿಂಗೇ ಹತ್ಕೊಂಡ್ ಹೋದ್ರೆ ಮಂಡಿ ಮುಟ್ಟೋದಕ್ಕೆ ಇನ್ನೊಂದು ಚುನಾವಣೆ ಬೇಕಾಗ್ತದೆ."

ಜನ ನಕ್ಕರು. ಅಳುತ್ತಿದ್ದ ಹೆಂಗಸರೂ ಸೆರಗಿನೊಳಗೆ ನಕ್ಕರು. ಮಂತ್ರಿಗಳ ಮುಖ ಕೆಂಪಾಯಿತು.

"ನಗ್ಬೇಡಿ" ಎಂದರು ಮೈಕಿನಲ್ಲಿ. "ದ್ಯಾವೀರಮ್ಮ, ನಗ್ಬೇಡಿ. ಹೆಬ್ಬೆರಳು ಅಂದ್ರೆ ಸಾಮಾನ್ಯ ಅಂದ್ಕೊಂಡ್ರಾ? ಆ ಬೆರಳಿಗೆ ಅಮ್ಮ ಇಲ್ವಾ? ಅದನ್ನ ಊರ್‍ಕೊಂಡೇ ಅಲ್ವಾ ಮಗು ಮೊದಲು ಎದ್ದು ನಿಲ್ಲೋದು?" ಮಗು ಎಂದಕೂಡಲೇ ಅವರಿಗೆ ಮತ್ತೆ ಅಳು ಬಂತು. ಈ ಸಲ ಹೊಟ್ಟೆಯೊಳಗಿಂದ ಬಂತು. "ಹೌದು, ಹೆಬ್ಬೆರಳು ಜಜ್ಜಿಹೋಗಿದೆ. ಬಲಗಾಲಿಂದು. ಉಗುರು ಸಮೇತ. ನಾನು ಇದನ್ನ ಹೆಂಗೆ ತಡ್ಕೊಳ್ಳಲಿ?"

ನಕ್ಕಿದ್ದ ಜನರೆಲ್ಲ ಈಗ ಅತ್ತರು. ಉಗುರು ಸಮೇತ ಎಂದು ನಾನು ಬರೆದಿರಲಿಲ್ಲ.

ಅಲ್ಲಿಂದ ಮುಂದೆ ಇಲಾಖೆ ನಡೆದುಕೊಂಡ ರೀತಿಯನ್ನು ನಾನು ಮೆಚ್ಚಲೇಬೇಕು. ಹೆಬ್ಬೆರಳು ಜಜ್ಜಬೇಕಾದರೆ ಕೆಲಸ ಮುಗಿಯಬೇಕು, ಕೆಲಸ ಮುಗಿಯಬೇಕಾದರೆ ಶುರುವಾಗಬೇಕು ಎಂದು ಸಾಹೇಬರುಗಳು ಫೋನುಗಳಲ್ಲಿ ಕೂಗಾಡಿದರು. ಉಗ್ರಾಣ ತೆಗೆಸಿದರೆ, ಗ್ರೀಸು ಬಳಿದು ಗೋಣಿಚೀಲದಲ್ಲಿ ಸುತ್ತಿದ್ದ ಬೋಲ್ಟುಗಳು ರಾಶಿಯಾಗಿ ಅಲ್ಲೇ ಇದ್ದವು. ಇಷ್ಟು ದಿನ ಯಾಕೆ ಕೊಡಲಿಲ್ಲವೆಂದು ಓಬಳೇಶ ಕೇಳಿದ್ದಕ್ಕೆ ಉಗ್ರಾಣದವನು, "ಯಾರೂ ದುಃಖಪಡ್ಲಿಲ್ಲ, ನಾನು ಕೊಡ್ಲಿಲ್ಲ" ಎಂದನಂತೆ. ದಿಮ್ಮಿಗಳು ಗಾಡಿಗಟ್ಟಲೆ ಬಂದವು. ಕೆಲಸ ನಡೆಯುವಷ್ಟು ದಿನ ಗಾಡಿಗಳು ಎರಡೂ ದಡಗಳಲ್ಲಿ ನಿಲ್ಲುತ್ತಿದ್ದವು, ಜನ ನಡುವೆ ದೋಣಿಯಲ್ಲಿ ದಾಟುತ್ತಿದ್ದರು. ಅಕ್ಕ ದೋಣಿಯವನ ದೋಣಿಯನ್ನೂ ತಟ್ಟಿ ನೋಡಿಯೇ ಹತ್ತುತ್ತಿದ್ದಳಂತೆ.

ತೊಂದರೆಯಾದದ್ದು ಪಕ್ಕದಲ್ಲಿ ನಿಂತವರಿಂದ. ಬೆರಳಿಗೆ ಪರಿಹಾರವಾಗಿ ಬೆಳ್ಳಿಯ ಕಾಲುಂಗುರ ಕೊಡುತ್ತಾರೆಂದು ಯಾರೋ ಹಬ್ಬಿಸಿಬಿಟ್ಟರು. ಗಂಡಸರಾದರೂ ಪರವಾಗಿಲ್ಲವೇ ಎಂದು ಒಂದು ದಿನ ಚರ್ಚೆಯಾಯಿತು, ಪರವಾಗಿಲ್ಲ ಎಂದಾಯಿತು. ಮಾರನೆಯ ದಿನದಿಂದ ಹೊಳೆಯ ದಡದುದ್ದಕ್ಕೂ ಜನ ಬಲಗಾಲಿನ ಚಪ್ಪಲಿ ಬಿಟ್ಟು, ಕಾಲು ಮುಂದಿಟ್ಟು ನಿಂತರು. ಓಬಳೇಶ ಹಾರೆಯೆತ್ತಿದರೆ ಅಷ್ಟೂ ಕಾಲುಗಳು ಒಂದು ಹೆಜ್ಜೆ ಮುಂದೆ ಬರುವವು. "ಹಿಂದಕ್ಕೆ ಸರೀರಪ್ಪ, ಕೆಲಸ ಮುಗೀಲಿ, ಆಮ್ಯಾಲೆ ಜಜ್ಜಿಸ್ಕಳಿವ್ರಂತೆ" ಎಂದು ಅವನು ಗೋಗರೆಯುವನು. ದ್ಯಾವೀರಮ್ಮ ಅಲ್ಲಿಗೂ ಬಂದು, ಜಜ್ಜುವ ಬೆರಳು ಆಡಳಿತ ಪಕ್ಷದ್ದೇ ಆಗಿರುವ ಹಾಗೆ ಸಂಚು ನಡೆದಿದೆ, ನಮ್ಮ ಪಕ್ಷದ ಬೆರಳುಗಳಿಗೂ ಸಮಾನ ಅವಕಾಶ ಬೇಕು ಎಂದು ಧರಣಿ ಕೂತರು.

ನಾನೂ ದಿನಾ ಹೋಗಿ ನಿಲ್ಲುತ್ತಿದ್ದೆ. ಬರೆದವನು ನಾನು, ಬೆರಳು ಇನ್ನೊಬ್ಬರದಾಗುವುದು ಚೆನ್ನಲ್ಲವೆಂದು ಮೊದಲೇ ನಿಶ್ಚಯಿಸಿದ್ದೆ. ನಿಶ್ಚಯ ಗಟ್ಟಿಯಿತ್ತು, ಬೆರಳು ಮಾತ್ರ ಒಪ್ಪುತ್ತಿರಲಿಲ್ಲ. ಹಾರೆ ಕಂಡಕೂಡಲೇ ಅದು ಚಪ್ಪಲಿಯೊಳಗೇ ಆಮೆಯಂತೆ ಮುದುರಿಕೊಳ್ಳುತ್ತಿತ್ತು.

ಕೊನೆಯ ದಿನ ಸಂಜೆ. ಆಚೆ ದಡದಲ್ಲಿ ಕಾರ್ಖಾನೆ ಬಿಟ್ಟ ಗಾಡಿ ಹೊಗೆಯುಗುಳುತ್ತ ಕಾಯುತ್ತಿತ್ತು. ಸಂತಾಪದಲ್ಲಿ ಹೇಳಿದ್ದು ಆಗಿ ಮುಗಿಯದೆ ಸೇತುವೆಯ ಮೇಲೆ ಗಾಡಿ ಬಿಡುವುದಿಲ್ಲವೆಂದು ಡ್ರೈವರು ಕೂತಿದ್ದ. ಒಂದೇ ಒಂದು ಬೋಲ್ಟು ಉಳಿದಿತ್ತು, ಅದು ಸೇತುವೆಯ ಆಚೆ ತುದಿಯಲ್ಲಿ. ಅದೇ ಹೊತ್ತಿಗೆ ಈಚೆ ದಡದಲ್ಲಿ ಧರಣಿಯವರು ಮಜ್ಜಿಗೆ ಹಂಚಲು ಶುರುಮಾಡಿದರು. ಇಂಗು, ಒಗ್ಗರಣೆ ಹಾಕಿದ ಮಜ್ಜಿಗೆ. ವಾಸನೆ ಬಂದದ್ದೇ ತಡ, ಮುಂದಿಟ್ಟಿದ್ದ ಕಾಲುಗಳೆಲ್ಲ ಅತ್ತ ತಿರುಗಿದವು. ಸೇತುವೆಯ ಮೇಲೆ ಉಳಿದವರು ಓಬಳೇಶ, ನಾನು.

ಅವನು ಬೋಲ್ಟು ಬಿಗಿದು ಮುಗಿಸಿದ. ಹಾರೆಯನ್ನು ಕೈಗೆತ್ತಿಕೊಂಡು ಸಂಕೋಚದಿಂದ ನನ್ನ ಕಾಲು ನೋಡಿದ.

"ನೀವೇನಾ ಸಾಮಿ?"

"ನಾನೇ. ಬಿಡಪ್ಪ."

"ನಾನಾಗೇ ಬಿಡಂಗಿಲ್ಲ. ಕೈ ಜಾರ್ಬೇಕು ಅಂತ ಬರೆದಿದ್ದೀರಿ."

"ಜಾರ್ತಾ ಇಲ್ವಾ?"

"ಎಲ್ಲಿ ಜಾರ್ತದೆ? ಮೂವತ್ತು ವರ್ಷದ ಕೈ. ಅಂಟ್ಕಂಡೈತೆ."

ಇಬ್ಬರೂ ಕಾದೆವು. ನಾನು ಬೆರಳನ್ನು ಮುಂದಿಟ್ಟೆ, ಅದು ಹಿಂದಕ್ಕೆ ಬಂತು. ಮತ್ತೆ ಇಟ್ಟೆ, ಮತ್ತೆ ಬಂತು. ಓಡಿಹೋಗಿ ಮಜ್ಜಿಗೆ ಕುಡಿದು, ಬೇರೆ ಯಾರನ್ನಾದರೂ ಕಳಿಸಿದರೆ ಹೇಗೆ ಎಂದು ಕೂಡ ಯೋಚಿಸಿದೆ. ಆಗ ನಿಂತಿದ್ದ ಗಾಡಿಯ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು.

"ಏ ಚಿದೂ, ಏನೋ ಅದು, ಸೇತುವೆ ಮೇಲೆ ನಿಂತ್ಕೊಂಡು ಕೋಲಾಟ? ದಾರಿ ಬಿಡ್ರೋ. ಮನೇಲಿ ದೋಸೆ ಹಿಟ್ಟು ಹುಳಿ ಬಂದು ಉಕ್ತಾ ಇರ್ತದೆ."

ಯಾರಪ್ಪ ಇದು ಎಂದು ಓಬಳೇಶ ತಿರುಗಿ ನೋಡಿದ. ನಾನು ಬೆರಳನ್ನು ಚಾಚಿ, ಈ ಸಲ ಹಾಗೇ ಬಿಟ್ಟೆ. ಹಾರೆ ಜಾರಿತು.

ಪೆಟ್ಟು ಬಿದ್ದ ಮೇಲೆ, ನೋವು ಬರುವುದಕ್ಕೆ ಮುಂಚೆ, ಒಂದು ಮೌನವಿದೆ. ನಾನು ಗ್ರಂಥಗಳಲ್ಲಿ ಹುಡುಕಿದ್ದು ಅದನ್ನೇ ಇರಬೇಕು ಎನ್ನಿಸಿತು. ಸ್ವಲ್ಪ ಹೊತ್ತು ಅದರಲ್ಲಿ ಇರೋಣವೆಂದುಕೊಳ್ಳುವಷ್ಟರಲ್ಲಿ ನೋವು ಬಂತು. ನನ್ನ ಕೂಗನ್ನೇ ಸಿಗ್ನಲ್ ಎಂದು ತಿಳಿದು ಡ್ರೈವರು ಸೀಟಿ ಊದಿದ. ಓಬಳೇಶ ನನ್ನನ್ನು ಎತ್ತಿ ಪಕ್ಕದ ಕಟ್ಟೆಯ ಮೇಲೆ ಕೂರಿಸಿದ. ಗಾಡಿ ನಮ್ಮ ಮುಂದೆಯೇ ಹಾದುಹೋಯಿತು, ಡಬ್ಬಿಯ ಹಿಂದೆ ಡಬ್ಬಿ. ಕೆಳಗೆ ಸೇತುವೆ ಅಲುಗಲಿಲ್ಲ. ಅಕ್ಕ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಏನೋ ಬೈಯುತ್ತ ಹೋದದ್ದು ಕಂಡಿತು, ಚಕ್ರಗಳ ಸದ್ದಿನಲ್ಲಿ ಏನೆಂದು ಕೇಳಲಿಲ್ಲ.

ಆಸ್ಪತ್ರೆಗೆ ನಿರ್ವಾಣಪ್ಪನವರು ಬಂದರು. ಅಳುವುದೆಲ್ಲ ಮೊದಲೇ ಆಗಿದ್ದರಿಂದ ಏನು ಮಾಡಬೇಕೆಂದು ತೋಚದೆ, ಮೋಸಂಬಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಫೋಟೋದವರು ಹೊರಗೆ ಹೋದ ಮೇಲೆ ಬಗ್ಗಿ, "ನಾನು ಕೇಳಿದ್ದೇ ಒಂದು, ನೀನು ಕೊಟ್ಟಿದ್ದೇ ಒಂದು" ಎಂದರು.

"ಸೇತುವೆ ಇತ್ತು ಸರ್. ಭೀಕರ ಮೊದಲನೇ ಸಾಲಲ್ಲೇ ಇತ್ತು."

"ಇತ್ತು" ಎಂದು ಒಪ್ಪಿಕೊಂಡರು. ಮೋಸಂಬಿ ಚೀಲವನ್ನು ನನ್ನ ಹಾಸಿಗೆಯ ಮೇಲಿಟ್ಟು, "ಜನ ಬಹಳ ಅತ್ರು ಕಣಯ್ಯ. ಕೆರೆಗೂ ಅಷ್ಟು ಅತ್ತಿರ್ಲಿಲ್ಲ" ಎಂದರು. ಚುನಾವಣೆಯಲ್ಲಿ ಅವರೇ ಗೆದ್ದರು. ಬ್ಯಾಂಡೇಜು ಸುತ್ತಿದ ನನ್ನ ಬೆರಳಿನ ಚಿತ್ರ ಊರಿನ ಗೋಡೆಗಳ ಮೇಲೆಲ್ಲ ಇತ್ತು, ಅದನ್ನೂ ಬರೆದವನು ಅದೇ ಪೇಂಟರು. ನಾನು ಆ ಕೆಲಸದಲ್ಲೇ ಮುಂದುವರಿದೆ. ಸಿಗ್ನಲ್ ದೀಪಗಳನ್ನೆಲ್ಲ ಬದಲಿಸುವಾಗ ಒಡೆದ ಪಾರಿವಾಳದ ಮೊಟ್ಟೆಗೆ ಸಂತಾಪ ಬರೆದೆ. ಬ್ರೇಕುಗಳನ್ನೆಲ್ಲ ಹೊಸದು ಮಾಡುವಾಗ ಎಣ್ಣೆ ಸಿಡಿದು ಹಾಳಾದ ಗಾರ್ಡಿನ ಬಿಳಿ ಪ್ಯಾಂಟಿಗೆ ಬರೆದೆ. ಮಂತ್ರಿಗಳು ಪ್ಯಾಂಟಿಗೂ ಮನಸಾರೆ ಅತ್ತರು. ಈಗ ನಮ್ಮ ಗಾಡಿಗಳಲ್ಲಿ ನೀರು ತುಂಬಿದ ಲೋಟ ಇಟ್ಟರೂ ತುಳುಕುವುದಿಲ್ಲ. ಜನಕ್ಕೆ ಹೊಸ ಚಪ್ಪಲಿ ಸಿಗದೆ ಸ್ವಲ್ಪ ಬೇಸರವಿದೆ.

ಅಕ್ಕ ಮಾತ್ರ ನನ್ನನ್ನು ಕ್ಷಮಿಸಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಬಿಸಿನೀರಿನಲ್ಲಿ ಅರಿಸಿನ ಕಲಸಿ, ನನ್ನ ಕಾಲನ್ನು ತನ್ನ ಮಡಿಲಿಗೆಳೆದುಕೊಂಡು ಬಟ್ಟೆ ಬಿಚ್ಚಿದಳು. ಉಗುರು ಇರಲಿಲ್ಲ. ಅವಳು ಅರಿಸಿನದ ನೀರಿನಿಂದ ಬೆರಳನ್ನು ತೊಳೆದಳು. ಆಮೇಲೆ ಶುರುವಾಯಿತು.

"ಬರೆಯೋನು ನೀನೇ. ಒಂದು ಕುಂಬಳಕಾಯಿ ಒಡೀತು ಅಂತ ಬರೀಬಾರದಿತ್ತಾ? ಹೋಗ್ಲಿ, ಬೆರಳೇ ಬರೆದೆ, ಊರೋರೆಲ್ಲ ಕಾಲು ಚಾಚ್ಕೊಂಡು ನಿಂತಿದ್ರಂತೆ, ಅವರದು ಯಾರದೂ ಬೇಡ್ವಾಗಿತ್ತಾ ನಿನಗೆ? ಇಷ್ಟು ಓದ್ಸಿ ಏನ್ ಬಂತು? ನಿನ್ನ ಈ ಯೋಚನೆ ಇದೆಯಲ್ಲ, ಎಲ್ಲಿ ನಿಂತಿದೀನಿ ಅಂತ್ಲೂ ತಿಳಿಯಲ್ಲ ನಿನಗೆ. ನಾನು ಬೆಳಿಗ್ಗೆ ಗಾಡೀಲಿ ಹೋದ್ರೆ ಸಂಜೆ ಬರೋ ತನಕ ನಿನ್ನ ಯಾರು ಕಾಯಬೇಕು, ಹೇಳು."

ಮಂತ್ರಿಗಳು ಮೊದಲು ಬರೆಯಲು ಹೇಳಿದ್ದು ಆ ಬೆಳಗಿನ ಗಾಡಿಯನ್ನೇ ಎಂದು ನಾನು ಅವಳಿಗೆ ಹೇಳಲಿಲ್ಲ.